ಮರುಭೂಮಿಯನ್ನು ಗುಡಿಸಿದ ಗಣಿತಜ್ಞೆ ಮರಿಯಾ ರೈಖೆ

ಪ್ರಾಚೀನ ಕಾಲದಲ್ಲಿ ಬೇರೆ ಗ್ರಹಗಳ ಜೀವಿಗಳು ನಮ್ಮ ಭೂಮಿಗೆ ಬಂದು ಹೋಗಿದ್ದರೇ? ಈ ಪ್ರಶ್ನೆಯನ್ನು ಕೇಳಿದೊಡನೆ ಯಾರ ಕಿವಿಯಾದರೂ ನಿಮಿರುತ್ತದೆ. ಬಂದಿದ್ದರು ಎಂದು ನಂಬುವವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ. ಅದಕ್ಕೆ ಸಾಕ್ಷಿ ಏನೆಂದು ಕೇಳಿದರೆ ಅವರು ತೋರಿಸುವ ಸ್ಥಳಗಳಲ್ಲಿ ಮುಖ್ಯವಾದುದು ದಕ್ಷಿಣ ಅಮೇರಿಕದ ಪೆರು ದೇಶದ ನಾಸ್ಕಾ ಮರುಭೂಮಿ. ಅಲ್ಲಿ ನೆಲದ ಮೇಲೆ ಬಿಡಿಸಿದ ಗೆರೆಗಳೂ ಚಿತ್ರಗಳೂ ಎಷ್ಟು ದೊಡ್ಡವೆಂದರೆ, ಪಕ್ಕದಲ್ಲಿ ನಿಂತವನಿಗೆ ಅವುಗಳ ಪೂರ್ಣ ಆಕಾರ ತಿಳಿಯುವುದೇ ಇಲ್ಲ. ವಿಮಾನದಲ್ಲಿ ಮೇಲೇರಿ ನೋಡಿದವರು ಬೆರಗಾದರು. ಆ ಬೆರಗಿನಿಂದ ನಾನಾ ಕಥೆಗಳು ಹುಟ್ಟಿದವು.

ಮೇಲಿನಿಂದ ನೋಡಿ ಕಥೆ ಕಟ್ಟಿದವರು ಹಲವರು. ಆದರೆ ಕೆಳಗಿಳಿದು, ಕೈಯಲ್ಲಿ ಅಳತೆ ಪಟ್ಟಿ ಹಿಡಿದು, ಆ ಗೆರೆಗಳ ಜೊತೆಯಲ್ಲೇ ಐವತ್ತು ವರ್ಷ ಬಾಳಿದವಳು ಒಬ್ಬ ಮಹಿಳೆ. ಆಕೆಯ ಹೆಸರು ಮರಿಯಾ ರೈಖೆ. ವಿದ್ಯಾರ್ಥಿಮಿತ್ರರೇ, ಆ ಧೀರ ಮಹಿಳೆಯ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮರಿಯಾ ರೈಖೆ 1903ನೆಯ ಇಸವಿ ಮೇ ತಿಂಗಳ 15ರಂದು ಜರ್ಮನಿಯ ಡ್ರೆಸ್ಡನ್ ನಗರದಲ್ಲಿ ಜನಿಸಿದಳು. ತಂದೆ ನ್ಯಾಯಾಧೀಶ. ಮೂವರು ಮಕ್ಕಳಲ್ಲಿ ಮರಿಯಾಳೇ ಹಿರಿಯಳು. ಮೊದಲನೆಯ ಮಹಾಯುದ್ಧದಲ್ಲಿ ತಂದೆ ತೀರಿಕೊಂಡಾಗ ಆಕೆ ಇನ್ನೂ ಎಳೆಯ ಹುಡುಗಿ. ಸಂಸಾರದ ಭಾರ ತಾಯಿಯ ಮೇಲೆ ಬಿತ್ತು. ಆದರೂ ಮಕ್ಕಳ ಓದು ನಿಲ್ಲಲಿಲ್ಲ. ಹೆಣ್ಣುಮಕ್ಕಳು ಗಣಿತ ಕಲಿಯುವುದು ಅಪರೂಪವಾಗಿದ್ದ ಆ ಕಾಲದಲ್ಲಿ ಮರಿಯಾ ಡ್ರೆಸ್ಡನ್ ಮತ್ತು ಹ್ಯಾಂಬರ್ಗ್ ನಗರಗಳಲ್ಲಿ ಗಣಿತ, ಭೌತಶಾಸ್ತ್ರ ಮತ್ತು ಭೂಗೋಳಶಾಸ್ತ್ರಗಳನ್ನು ಅಭ್ಯಾಸ ಮಾಡಿದಳು. ಭಾಷೆಗಳನ್ನು ಕಲಿಯುವುದರಲ್ಲಿಯೂ ಆಕೆ ಚುರುಕು.

ಓದು ಮುಗಿದಾಗ ಜರ್ಮನಿಯಲ್ಲಿ ಎಲ್ಲಿ ನೋಡಿದರೂ ನಿರುದ್ಯೋಗ. ಆಗ ಪೆರು ದೇಶದ ಕುಸ್ಕೋ ನಗರದಲ್ಲಿದ್ದ ಜರ್ಮನ್ ಕಾನ್ಸಲನ ಮಕ್ಕಳಿಗೆ ಪಾಠ ಹೇಳುವ ಕೆಲಸವೊಂದು ಆಕೆಗೆ ದೊರೆಯಿತು. 1932ರಲ್ಲಿ ಮರಿಯಾ ಹಡಗು ಹತ್ತಿ ಸಮುದ್ರದಾಚೆಯ ಆ ದೇಶಕ್ಕೆ ಹೊರಟಳು. ಅಲ್ಲಿ ಪಾಪಾಸುಕಳ್ಳಿಯ ಮುಳ್ಳು ಚುಚ್ಚಿ, ಗಾಯ ಕೊಳೆತು, ಎಡಗೈಯ ಒಂದು ಬೆರಳನ್ನೇ ಕತ್ತರಿಸಬೇಕಾಯಿತು. ಮುಂದೆ ನಾಸ್ಕಾದ ನೆಲದಲ್ಲಿ ಆಕೆ ಅಳೆದ ಚಿತ್ರಗಳಲ್ಲಿ ಒಂದು ದೊಡ್ಡ ಕೋತಿಯದು. ಅದರ ಒಂದು ಕೈಗೆ ಐದು ಬೆರಳು, ಇನ್ನೊಂದಕ್ಕೆ ನಾಲ್ಕೇ. ಒಂಬತ್ತು ಬೆರಳಿನ ಮರಿಯಾಳಿಗೂ ಒಂಬತ್ತು ಬೆರಳಿನ ಕೋತಿಗೂ ಗಂಟು ಹಾಕಿ ಜನ ಹೇಳುವುದುಂಟು. ಇದು ಕಾಕತಾಳೀಯವೇ ಸರಿ.

ಕುಸ್ಕೋದ ಕೆಲಸ ಮುಗಿದ ಮೇಲೆ ಮರಿಯಾ ರಾಜಧಾನಿಯಾದ ಲಿಮಾದಲ್ಲಿ ನೆಲೆಸಿದಳು. ಭಾಷೆ ಕಲಿಸುವುದು, ಅಂಗಸಾಧನೆ ಹೇಳಿಕೊಡುವುದು, ವಿದ್ವಾಂಸರ ಬರಹಗಳನ್ನು ಭಾಷಾಂತರಿಸಿ ಕೊಡುವುದು, ಇವೇ ಆಕೆಯ ಜೀವನೋಪಾಯ. ಅಲ್ಲಿ ಚಹಾದಂಗಡಿ ನಡೆಸುತ್ತಿದ್ದ ಏಮಿ ಮೆರೆಡಿತ್ ಎಂಬವಳು ಆಕೆಯ ಆಪ್ತ ಗೆಳತಿಯಾದಳು. ಮುಂದಿನ ಕಷ್ಟದ ದಿನಗಳಲ್ಲಿ ಮರಿಯಾಳಿಗೆ ಹಣದ ಸಹಾಯ ಮಾಡಿದವಳೂ ಇವಳೇ.

ನಾಸ್ಕಾದ ಗೆರೆಗಳು

ಲಿಮಾದಿಂದ ದಕ್ಷಿಣಕ್ಕೆ ಸುಮಾರು 400 ಕಿಲೋಮೀಟರು ದೂರದಲ್ಲಿ ನಾಸ್ಕಾ ಎಂಬ ಊರಿದೆ. ಅದರ ಸಮೀಪದ ಬಯಲು ಪ್ರಪಂಚದಲ್ಲೇ ಅತಿ ಒಣ ಪ್ರದೇಶಗಳಲ್ಲಿ ಒಂದು. ಆಟಿ ತಿಂಗಳಲ್ಲಿ ನಮ್ಮ ಕಾಸರಗೋಡಿನಲ್ಲಿ ಒಂದು ದಿನ ಸುರಿಯುವ ಮಳೆ ಅಲ್ಲಿ ಎಷ್ಟೋ ವರ್ಷ ಕಾದರೂ ಸುರಿಯಲಿಕ್ಕಿಲ್ಲ. ಆ ಬಯಲಿನ ಮೇಲೆಲ್ಲ ಕಬ್ಬಿಣದ ಅಂಶದಿಂದ ಕಂದುಗಟ್ಟಿದ ಕಲ್ಲುಗಳು ಹರಡಿವೆ. ಅವುಗಳ ಅಡಿಯಲ್ಲಿರುವ ಮಣ್ಣು ತಿಳಿ ಹಳದಿ. ಮೇಲಿನ ಕಲ್ಲನ್ನು ತೆಗೆದು ಬದಿಗೆ ಸಾಲಾಗಿ ಇಟ್ಟರೆ ಸಾಕು, ಕಂದು ನೆಲದ ಮೇಲೆ ಬಿಳಿಚು ಗೆರೆ ಮೂಡುತ್ತದೆ. ಗೆರೆಯ ಆಳ ಒಂದು ಗೇಣು ಕೂಡ ಇಲ್ಲ. ಮಳೆ ಇಲ್ಲದುದರಿಂದ ಆ ಗೆರೆ ಅಳಿಯುವುದಿಲ್ಲ.

ಹೀಗೆ ಕ್ರಿಸ್ತಪೂರ್ವ 500ರಿಂದ ಕ್ರಿಸ್ತಶಕ 500ರವರೆಗಿನ ಸುಮಾರು ಒಂದು ಸಾವಿರ ವರ್ಷಗಳಲ್ಲಿ ಅಲ್ಲಿಯ ಜನ ಬರೆದ ಗೆರೆಗಳು ನೂರಾರು. ಕೆಲವು ಹಲವು ಕಿಲೋಮೀಟರು ದೂರ ಬಾಣದಂತೆ ನೇರವಾಗಿ ಹೋಗುತ್ತವೆ. ಕೆಲವು ತ್ರಿಕೋನಗಳು, ಕೆಲವು ಸುರುಳಿಗಳು. ಚಿತ್ರಗಳಂತೂ ಬೆರಗು ಹುಟ್ಟಿಸುವಂಥವು. ಜೇಡನ ಚಿತ್ರ ಸುಮಾರು 47 ಮೀಟರು ಉದ್ದ. ಹೂವಿನ ಮಕರಂದ ಹೀರುವ ಝೇಂಕಾರದ ಹಕ್ಕಿಯದು 90 ಮೀಟರಿಗೂ ಮಿಗಿಲು. ಕಾಂಡೋರ್ ಎಂಬ ದೊಡ್ಡ ರಣಹದ್ದಿನ ಚಿತ್ರ ಸುಮಾರು 134 ಮೀಟರು, ಎಂದರೆ ಫುಟ್‌ಬಾಲ್ ಮೈದಾನಕ್ಕಿಂತಲೂ ಉದ್ದ.

1920ರ ದಶಕದಲ್ಲಿ ಪೆರುವಿನ ಪುರಾತತ್ತ್ವಜ್ಞ ತೊರಿಬಿಯೊ ಮೆಹಿಯಾ ಸೆಸ್ಪೆ ಈ ಗೆರೆಗಳನ್ನು ಕಂಡು ಅಧ್ಯಯನ ಆರಂಭಿಸಿದ. ಮುಂದೆ ಆ ಬಯಲಿನ ಮೇಲೆ ವಿಮಾನಗಳು ಹಾರತೊಡಗಿದ ಮೇಲೆ ಅವುಗಳ ವಿಸ್ತಾರ ಹೊರಜಗತ್ತಿಗೆ ತಿಳಿಯಿತು.

ಸೂರ್ಯಾಸ್ತದ ಒಂದು ಸಂಜೆ

ಪಾಲ್ ಕೊಸೋಕ್ ಎಂಬ ಅಮೇರಿಕನ್ ಇತಿಹಾಸಕಾರ ಪೆರುವಿನ ಪ್ರಾಚೀನ ನೀರಾವರಿ ಕಾಲುವೆಗಳನ್ನು ಅಧ್ಯಯನ ಮಾಡಲು ಬಂದಿದ್ದ. 1941ರ ಜೂನ್ 22ರಂದು ಆತ ನಾಸ್ಕಾದ ಬಯಲಿನಲ್ಲಿ ಒಂದು ಗೆರೆಯ ಬಳಿ ನಿಂತಿದ್ದ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಆ ದೇಶದಲ್ಲಿ ಅದು ವರ್ಷದ ಅತಿ ಸಣ್ಣ ಹಗಲಿನ ಸಮಯ. ಮುಳುಗುವ ಸೂರ್ಯ ಸರಿಯಾಗಿ ಆ ಗೆರೆಯ ತುದಿಯಲ್ಲೇ ಇಳಿದುದನ್ನು ಆತ ಕಂಡ. ಹಾಗಾದರೆ ಈ ಗೆರೆಗಳು ನೆಲದ ಮೇಲೆ ಬರೆದ ಪಂಚಾಂಗವಾಗಿರಬಹುದೇ ಎಂಬ ಯೋಚನೆ ಆತನಿಗೆ ಬಂತು.

ಕೊಸೋಕನಿಗೆ ಭಾಷಾಂತರದ ಕೆಲಸದಲ್ಲಿ ನೆರವಾಗುತ್ತಿದ್ದವಳು ಮರಿಯಾ. ಗಣಿತವನ್ನೂ ಖಗೋಳವನ್ನೂ ಬಲ್ಲ ಆಕೆಗೆ ಆತ ಈ ವಿಷಯ ತಿಳಿಸಿದ. ಅದೇ ವರ್ಷ ಡಿಸೆಂಬರಿನಲ್ಲಿ ಮರಿಯಾ ನಾಸ್ಕಾಕ್ಕೆ ಹೋಗಿ ಗೆರೆಗಳನ್ನು ಕಣ್ಣಾರೆ ಕಂಡಳು. ಆಗ ಆಕೆಗೆ ಮೂವತ್ತೆಂಟು ವರ್ಷ. ಅಂದು ಹಿಡಿದ ಹುಚ್ಚು ಸಾಯುವವರೆಗೂ ಬಿಡಲಿಲ್ಲ.

ಆದರೆ ಎರಡನೆಯ ಮಹಾಯುದ್ಧ ಅಡ್ಡ ಬಂತು. ಪೆರುವಿನಲ್ಲಿದ್ದ ಜರ್ಮನರಿಗೆ ಊರೂರು ತಿರುಗಲು ಅನುಮತಿ ಇರಲಿಲ್ಲ. ಮರಿಯಾ ಲಿಮಾದಲ್ಲೇ ಕಾಯಬೇಕಾಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಆಕೆ ಪುನಃ ನಾಸ್ಕಾಕ್ಕೆ ಹೋದಳು. ಎರಡು ವರ್ಷಗಳ ಬಳಿಕ ಕೊಸೋಕ್ ಪೆರುವನ್ನು ಬಿಟ್ಟು ತನ್ನ ದೇಶಕ್ಕೆ ಹಿಂದಿರುಗಿದ. ಮರಿಯಾ ಅಲ್ಲೇ ಉಳಿದಳು.

ಪೊರಕೆ ಮತ್ತು ಅಳತೆ ಪಟ್ಟಿ

ಮರುಭೂಮಿಯ ಅಂಚಿನ ಒಂದು ಚಿಕ್ಕ ಕೋಣೆಯೇ ಆಕೆಯ ಮನೆ. ಅಲ್ಲಿ ನಲ್ಲಿ ನೀರಿರಲಿಲ್ಲ, ವಿದ್ಯುತ್ ದೀಪವಿರಲಿಲ್ಲ. ಬಿಸಿಲೇರುವ ಮೊದಲೇ ಬಯಲಿಗೆ ಹೋಗಿ ಆಕೆ ದುಡಿಯುತ್ತಿದ್ದಳು. ಎಷ್ಟೋ ರಾತ್ರಿಗಳನ್ನು ಬಯಲಿನಲ್ಲೇ ಕಳೆದುದೂ ಉಂಟು.

ಗಾಳಿ ತಂದ ಧೂಳು ಮತ್ತು ಸಣ್ಣ ಕಲ್ಲುಗಳಿಂದ ಹಲವು ಗೆರೆಗಳು ಮಸುಕಾಗಿದ್ದವು. ಅವುಗಳನ್ನು ಅಳೆಯಬೇಕಾದರೆ ಮೊದಲು ಸ್ವಚ್ಛಗೊಳಿಸಬೇಕು. ಮರಿಯಾ ಕೈಯಲ್ಲಿ ಪೊರಕೆ ಹಿಡಿದಳು. ನಾವು ಹಿಡಿಸೂಡಿಯಿಂದ ಅಂಗಳ ಗುಡಿಸುವಂತೆ ಆಕೆ ಮರುಭೂಮಿಯನ್ನು ಗುಡಿಸಿದಳು. ಅದೂ ಒಂದೆರಡು ಗೆರೆಗಳನ್ನಲ್ಲ, ವರ್ಷಗಟ್ಟಲೆ ನೂರಾರು ಗೆರೆಗಳನ್ನು. ಒಂಟಿಯಾಗಿ ಬಯಲಿನಲ್ಲಿ ಪೊರಕೆ ಹಿಡಿದು ತಿರುಗುವ ಈ ಉದ್ದನೆಯ ವಿದೇಶೀ ಹೆಂಗಸನ್ನು ಕಂಡು ಸುತ್ತಲಿನ ಜನ ಮೊದಮೊದಲು ಅಂಜಿದರು. ಆಕೆಗೆ ಹುಚ್ಚು ಹಿಡಿದಿದೆ ಎಂದವರೂ ಇದ್ದರು, ಮಾಟಗಾತಿ ಎಂದವರೂ ಇದ್ದರು. ಮರಿಯಾ ತಲೆ ಕೆಡಿಸಿಕೊಳ್ಳಲಿಲ್ಲ.

ಗುಡಿಸಿದ ಗೆರೆಯನ್ನು ಪಟ್ಟಿಯಿಂದ ಅಳೆದು, ದಿಕ್ಕನ್ನು ಉಪಕರಣದಿಂದ ಗೊತ್ತುಮಾಡಿ, ಎಲ್ಲವನ್ನೂ ಕಾಗದದ ಮೇಲೆ ಸಣ್ಣ ಪ್ರಮಾಣದಲ್ಲಿ ನಕ್ಷೆಯಾಗಿ ಬಿಡಿಸುತ್ತಿದ್ದಳು. ನೆಲದಲ್ಲಿ ನಿಂತಾಗ ಗೊತ್ತಾಗದ ಆಕಾರ ಕಾಗದದ ಮೇಲೆ ನಿಧಾನವಾಗಿ ಮೂಡಿ ಬರುತ್ತಿತ್ತು. ಅಂಕುಡೊಂಕು ಗೆರೆ ಎಂದುಕೊಂಡುದು ಕೋತಿಯ ಬಾಲವಾಗುತ್ತಿತ್ತು. ಪೆರುವಿನ ವಾಯುಸೇನೆಯವರು ಆಕೆಯ ಶ್ರದ್ಧೆಯನ್ನು ಮೆಚ್ಚಿ, ಮೇಲಿನಿಂದ ಛಾಯಾಚಿತ್ರ ತೆಗೆಯಲು ನೆರವಾದರು. ಚಿತ್ರ ಸ್ಪಷ್ಟವಾಗಿ ಬರಲೆಂದು ಆಕೆ ಹೆಲಿಕಾಪ್ಟರಿನ ಹೊರಭಾಗಕ್ಕೆ ತನ್ನನ್ನು ಕಟ್ಟಿಸಿಕೊಂಡು ಹಾರಿದಳಂತೆ! ಆಗ ಆಕೆಗೆ ಐವತ್ತು ದಾಟಿತ್ತು.

ಈ ಚಿತ್ರಗಳನ್ನು ಹೇಗೆ ಬರೆದಿರಬಹುದು ಎಂಬುದಕ್ಕೆ ಅಳತೆಗಳಿಂದಲೇ ಆಕೆ ಉತ್ತರ ಹುಡುಕಿದಳು. ಕೆಲವು ದೊಡ್ಡ ಚಿತ್ರಗಳ ಬಳಿ ಅವುಗಳ ಸಣ್ಣ ಕರಡುಗಳು ನೆಲದ ಮೇಲೆ ಆಕೆಗೆ ಕಂಡವು. ಮೊದಲು ಸಣ್ಣದಾಗಿ ಬಿಡಿಸಿ, ಬಳಿಕ ಅದನ್ನೇ ಪ್ರಮಾಣಬದ್ಧವಾಗಿ ಹಿಗ್ಗಿಸಿರಬೇಕು ಎಂದು ಆಕೆ ತೀರ್ಮಾನಿಸಿದಳು. ಬಾಗಿದ ಗೆರೆಗಳನ್ನು ಪರೀಕ್ಷಿಸಿದಾಗ, ಅವು ಬೇರೆ ಬೇರೆ ತ್ರಿಜ್ಯದ ವೃತ್ತಗಳ ಕಂಸಗಳನ್ನು ಒಂದಕ್ಕೊಂದು ಜೋಡಿಸಿದವೆಂದು ಆಕೆಗೆ ತೋರಿತು. ಒಂದು ಗೂಟ ನೆಟ್ಟು, ಅದಕ್ಕೆ ಹಗ್ಗ ಕಟ್ಟಿ ತಿರುಗಿಸಿದರೆ ಕಂಸ ಬರುತ್ತದಲ್ಲವೇ? ಕ್ರೀಡೋತ್ಸವದ ಮುನ್ನಾದಿನ ನಮ್ಮ ಡ್ರಿಲ್ ಮಾಸ್ತರು ಗೂಟ, ಹಗ್ಗ ಮತ್ತು ಸುಣ್ಣದ ಪುಡಿಯಿಂದ ಓಟದ ಪಥ ಹಾಕುವುದೂ ಹೀಗೆಯೇ. ಅವರು ಅದಕ್ಕಾಗಿ ವಿಮಾನ ಹತ್ತುವುದಿಲ್ಲ.

ತಾನು ಕಂಡುಕೊಂಡುದನ್ನು ಆಕೆ 1949ರಲ್ಲಿ ಒಂದು ಚಿಕ್ಕ ಪುಸ್ತಕವಾಗಿ ಪ್ರಕಟಿಸಿದಳು. ಮುಂದೆ 1968ರಲ್ಲಿ ಅದನ್ನು ವಿಸ್ತರಿಸಿ ಜರ್ಮನ್, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎಂಬ ಮೂರು ಭಾಷೆಗಳಲ್ಲಿ ಹೊರತಂದಳು.

ಬಾನಿನಿಂದ ಬಂದವರ ಕಥೆ

ಅದೇ 1968ರಲ್ಲಿ ಎರಿಕ್ ಫಾನ್ ಡಾನಿಕನ್ ಎಂಬ ಸ್ವಿಸ್ ಲೇಖಕನ ಪುಸ್ತಕವೊಂದು ಹೊರಬಂತು. ಪ್ರಾಚೀನ ಕಾಲದಲ್ಲಿ ಬೇರೆ ಲೋಕದ ಜೀವಿಗಳು ಭೂಮಿಗೆ ಬಂದಿದ್ದರು, ನಮ್ಮ ಪೂರ್ವಜರು ಅವರನ್ನೇ ದೇವರೆಂದು ತಿಳಿದರು ಎಂಬುದು ಅದರ ತಿರುಳು. ನಾಸ್ಕಾದ ಬಯಲು ವಿಮಾನ ನಿಲ್ದಾಣದಂತೆ ಕಾಣುತ್ತದೆ ಎಂದು ಆತ ಬರೆದ. ಆ ಪುಸ್ತಕ ಹಲವು ಭಾಷೆಗಳಿಗೆ ಅನುವಾದವಾಗಿ ಲಕ್ಷಾಂತರ ಪ್ರತಿಗಳು ಮಾರಾಟವಾದವು. ಇಪ್ಪತ್ತೆರಡು ವರ್ಷ ನೆಲ ಗುಡಿಸಿ ಬರೆದ ಮರಿಯಾಳ ಪುಸ್ತಕವನ್ನು ಓದಿದವರು ಕೆಲವೇ ಮಂದಿ.

ಮರಿಯಾ ಈ ವಾದವನ್ನು ಖಂಡಿತವಾಗಿ ತಿರಸ್ಕರಿಸಿದಳು. ಆಕೆಯ ಉತ್ತರ ಸರಳವಾಗಿತ್ತು. ಅಲ್ಲಿಯ ನೆಲ ಮೆತ್ತಗಿದೆ, ಭಾರವಾದ ವಾಹನ ಇಳಿದರೆ ಹೂತು ಹೋದೀತು. ಇನ್ನು ನಾವೂ ಸ್ವಲ್ಪ ಯೋಚಿಸೋಣ. ನಕ್ಷತ್ರಗಳ ನಡುವಿನ ದೂರವನ್ನು ದಾಟಿ ಬರಬಲ್ಲವರಿಗೆ ಇಳಿಯಲು ಕಲ್ಲು ಸರಿಸಿದ ಹಾದಿ ಬೇಕೇ? ವಿಮಾನ ನಿಲ್ದಾಣದಲ್ಲಿ ಜೇಡನಿಗೂ ಕೋತಿಗೂ ಏನು ಕೆಲಸ?

ಸಾಕ್ಷಿಗಳೆಲ್ಲ ಮನುಷ್ಯರ ಕಡೆಗೇ ಬೆರಳು ಮಾಡುತ್ತವೆ. ಗೆರೆಗಳ ಮೇಲೆ ನಾಸ್ಕಾ ಜನರ ಮಡಕೆಗಳ ಚೂರುಗಳು ಸಿಕ್ಕಿವೆ. ಕೆಲವು ಗೆರೆಗಳ ತುದಿಯಲ್ಲಿ ಮರದ ಗೂಟಗಳು ದೊರೆತಿವೆ. ಅವರ ಬಣ್ಣದ ಮಡಕೆಗಳ ಮೇಲೆ ಇರುವಂಥ ಹಕ್ಕಿ ಮೀನುಗಳೇ ನೆಲದ ಮೇಲೂ ಇವೆ. ಸುತ್ತಲಿನ ಗುಡ್ಡಗಳ ಮೇಲೆ ನಿಂತರೆ ಹಲವು ಚಿತ್ರಗಳು ಕಾಣುತ್ತವೆ. ಅಮೇರಿಕದ ಜೋ ನಿಕೆಲ್ ಎಂಬವರು 1982ರಲ್ಲಿ ಒಂದು ಪ್ರಯೋಗ ನಡೆಸಿದರು. ತಮ್ಮ ಮನೆಯವರನ್ನು ಸೇರಿಸಿಕೊಂಡು ಐದಾರು ಮಂದಿ, ಮರದ ಗೂಟ ಮತ್ತು ದಾರಗಳಿಂದಲೇ, ವಿಮಾನದ ನೆರವಿಲ್ಲದೆ, ಆ ರಣಹದ್ದಿನ ಚಿತ್ರವನ್ನು ಅಷ್ಟೇ ಗಾತ್ರದಲ್ಲಿ ಕೆಲವೇ ದಿನಗಳಲ್ಲಿ ಹೊಲದ ಮೇಲೆ ಬಿಡಿಸಿ ತೋರಿಸಿದರು.

ನಾಸ್ಕಾ ಜನರು ಭೂಮಿಯಡಿಯಲ್ಲಿ ಕಾಲುವೆ ಕೊರೆದು ದೂರದಿಂದ ನೀರು ತಂದವರು. ಅವುಗಳಲ್ಲಿ ಕೆಲವು ಇಂದಿಗೂ ಹೊಲಗಳಿಗೆ ನೀರುಣಿಸುತ್ತಿವೆ. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಹಿರಿಯರು ಪಿಕ್ಕಾಸು ಹಿಡಿದು ಮುರಕಲ್ಲನ್ನು ಕೊರೆದು ಸುರಂಗಗಳನ್ನು ಮಾಡಿದ್ದಾರಲ್ಲ, ಹೆಚ್ಚುಕಡಿಮೆ ಅದೇ ಜಾಣ್ಮೆ. ನಮ್ಮ ಸುರಂಗವನ್ನು ಬೇರೆ ಗ್ರಹದವರು ಬಂದು ತೋಡಿದರೆಂದು ಯಾರಾದರೂ ಹೇಳಿದರೆ ತೋಡಿದವರ ಮೊಮ್ಮಕ್ಕಳಿಗೆ ಹೇಗಾದೀತು? ನಾಸ್ಕಾದ ಗೆರೆಗಳ ಬಗ್ಗೆ ಹಾಗೆ ಹೇಳಿದಾಗಲೂ ಆಗುವುದು ಅದೇ. ಬೆವರು ಸುರಿಸಿದವನೊಬ್ಬ, ಹೆಸರು ಇನ್ನೊಬ್ಬನಿಗೆ.

ಕಾವಲುಗಾರ್ತಿ

ಕಥೆಯನ್ನು ಓದಿದ ಪ್ರವಾಸಿಗರು ಗುಂಪು ಗುಂಪಾಗಿ ನಾಸ್ಕಾಕ್ಕೆ ಬರತೊಡಗಿದರು. ಬಯಲಿನ ಮೇಲೆ ಕಾರುಗಳನ್ನು ಓಡಿಸಿದರು. ಒಂದು ಸಲ ಚಕ್ರ ಹಾದರೆ ಅದರ ಗುರುತು ಅಲ್ಲಿ ನೂರಾರು ವರ್ಷ ಉಳಿಯುತ್ತದೆ. ಗೆರೆಗಳು ಸಾವಿರಾರು ವರ್ಷ ಉಳಿದದ್ದು ಯಾವ ಗುಣದಿಂದಲೋ, ಗೆರೆಗಳು ಹಾಳಾಗುವುದೂ ಅದೇ ಗುಣದಿಂದ. ಇದಕ್ಕೂ ಮೊದಲೇ ಹೆದ್ದಾರಿ ಮಾಡುವಾಗ ಒಂದು ಹಲ್ಲಿಯ ಚಿತ್ರವನ್ನು ರಸ್ತೆ ಎರಡು ತುಂಡು ಮಾಡಿತ್ತು. 1955ರಲ್ಲಿ ಆ ಬಯಲಿಗೆ ನೀರು ಹಾಯಿಸಿ ಬೇಸಾಯ ಮಾಡುವ ಯೋಜನೆಯೂ ತಲೆಯೆತ್ತಿತ್ತು. ಮರಿಯಾ ಅಧಿಕಾರಿಗಳ ಬಾಗಿಲು ಬಾಗಿಲು ತಟ್ಟಿ ಅದನ್ನು ನಿಲ್ಲಿಸಿದ್ದಳು.

ಈಗ ಆಕೆ ಅಳತೆಯ ಜೊತೆಗೆ ಕಾವಲನ್ನೂ ಕೈಗೆತ್ತಿಕೊಂಡಳು. ತನ್ನ ಪುಸ್ತಕದಿಂದ ಬಂದ ಹಣದಿಂದ ಕಾವಲುಗಾರರನ್ನು ನೇಮಿಸಿದಳು. ಆದರೆ ನೋಡಬೇಕೆಂದು ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸುವುದೂ ಆಕೆಗೆ ಸರಿದೋರಲಿಲ್ಲ. 1976ರಲ್ಲಿ ಹೆದ್ದಾರಿಯ ಬದಿಯಲ್ಲಿ ತನ್ನ ಖರ್ಚಿನಿಂದಲೇ ಒಂದು ವೀಕ್ಷಣಾ ಗೋಪುರವನ್ನು ಕಟ್ಟಿಸಿದಳು. ನೆಲವನ್ನು ತುಳಿಯದೆ, ಮೇಲೆ ಹತ್ತಿ ಚಿತ್ರಗಳನ್ನು ನೋಡಬಹುದಾಯಿತು. ಮುಂದೆ ಸರಕಾರವೂ ಬಯಲಿನೊಳಗೆ ಕಾಲಿಡುವುದನ್ನು ನಿಷೇಧಿಸಿತು. 1994ರಲ್ಲಿ ಯುನೆಸ್ಕೋ ನಾಸ್ಕಾದ ಗೆರೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ಅಪಾಯ ತೀರಿಲ್ಲ. 2018ರಲ್ಲಿ ಒಂದು ಲಾರಿ ಹೆದ್ದಾರಿ ಬಿಟ್ಟು ಒಳನುಗ್ಗಿ ಮೂರು ಗೆರೆಗಳ ಭಾಗಗಳನ್ನು ಕೆಡಿಸಿತು.

ತಪ್ಪಿದ ಲೆಕ್ಕ, ಉಳಿದ ಅಳತೆ

ಇಷ್ಟೆಲ್ಲ ಹೇಳಿ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ನಾಸ್ಕಾದ ಗೆರೆಗಳು ಸೂರ್ಯ ನಕ್ಷತ್ರಗಳ ಗತಿಯನ್ನು ತೋರಿಸುವ ಪಂಚಾಂಗವೆಂದು ಮರಿಯಾ ಕೊನೆಯವರೆಗೂ ನಂಬಿದ್ದಳು. ಖಗೋಳ ವಿಜ್ಞಾನಿ ಜೆರಾಲ್ಡ್ ಹಾಕಿನ್ಸ್ 1968ರಲ್ಲಿ ಗೆರೆಗಳ ದಿಕ್ಕುಗಳನ್ನು ಕಂಪ್ಯೂಟರಿಗೆ ಕೊಟ್ಟು ಪರೀಕ್ಷಿಸಿದಾಗ ಆ ನಂಬಿಕೆಗೆ ಆಧಾರ ಸಿಗಲಿಲ್ಲ. ಬಯಲಿನಲ್ಲಿ ಎಲ್ಲ ದಿಕ್ಕಿಗೂ ಗೆರೆಗಳಿರುವಾಗ ಕೆಲವು ಸೂರ್ಯನ ಕಡೆಗೆ ತಿರುಗಿರುವುದು ಸಹಜವೇ. ಈಗ ಹೆಚ್ಚಿನ ವಿದ್ವಾಂಸರು ಗೆರೆಗಳನ್ನು ನೀರು ಮತ್ತು ಫಲವತ್ತತೆಗಾಗಿ ನಡೆದ ಪೂಜೆ, ಮೆರವಣಿಗೆಗಳ ಹಾದಿಗಳೆಂದು ತಿಳಿಯುತ್ತಾರೆ.

ಹಾಗಾದರೆ ಮರಿಯಾಳ ಶ್ರಮ ವ್ಯರ್ಥವಾಯಿತೇ? ಇಲ್ಲ. ಆಕೆಯ ಊಹೆ ಬಿದ್ದುಹೋದರೂ ಆಕೆಯ ಅಳತೆಗಳು ನಿಂತವು. ಆಕೆ ಮಾಡಿದ ನಕ್ಷೆಗಳನ್ನು, ಆಕೆಯ ಮಾತನ್ನು ಒಪ್ಪದ ವಿದ್ವಾಂಸರೂ ಬಳಸಿಕೊಂಡರು. ಆಕೆ ಉಳಿಸಿದ ಗೆರೆಗಳಿಂದಲೇ ಮುಂದಿನವರು ಪರೀಕ್ಷೆ ನಡೆಸಿದರು. ಜಪಾನಿನ ಯಮಗತಾ ವಿಶ್ವವಿದ್ಯಾನಿಲಯದ ಮಸಾತೊ ಸಕಾಯ್ ಮತ್ತು ಅವರ ಸಂಗಡಿಗರು ಕೃತಕ ಬುದ್ಧಿಮತ್ತೆಯ ನೆರವಿನಿಂದ ಆಗಸದ ಛಾಯಾಚಿತ್ರಗಳನ್ನು ಶೋಧಿಸಿ, 303 ಹೊಸ ಚಿತ್ರಗಳನ್ನು ಕಂಡುಹಿಡಿದುದಾಗಿ 2024ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹೆಚ್ಚಿನವು ಸಣ್ಣವು, ಕಾಲುದಾರಿಗಳ ಪಕ್ಕದಲ್ಲಿರುವಂಥವು. ಮೇಲಿನಿಂದ ಬರುವವರಿಗೆ ಅಲ್ಲ, ದಾರಿಯಲ್ಲಿ ನಡೆದು ಹೋಗುವವರಿಗೆ ಕಾಣುವಂತೆ ಬರೆದವು.

ಅನ್ಯಗ್ರಹದ ಕಥೆಗೂ ಮರಿಯಾಳ ಊಹೆಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಆಕೆ ತನ್ನ ಊಹೆಯನ್ನು ಅಂಕೆಸಂಖ್ಯೆಗಳ ಸಹಿತ ಮುಂದಿಟ್ಟಳು. ಬೇರೆಯವರು ಅಳೆದು ನೋಡಿ ಅದು ಸರಿಯಲ್ಲ ಎಂದು ತೋರಿಸುವುದು ಸಾಧ್ಯವಾಯಿತು. ಹಾಗೆ ಪರೀಕ್ಷೆಗೆ ಒಡ್ಡಿಕೊಂಡ ತಪ್ಪು ಕೂಡ ಜ್ಞಾನವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ.

ಕೊನೆಯ ದಿನಗಳು

ಮುಪ್ಪಿನಲ್ಲಿ ಮರಿಯಾಳ ದೃಷ್ಟಿ ಮಂದವಾಗುತ್ತ ಬಂದು ಕೊನೆಗೆ ಏನೂ ಕಾಣದಾಯಿತು. ಪಾರ್ಕಿನ್ಸನ್ ಕಾಯಿಲೆಯಿಂದ ಕೈಕಾಲು ನಡುಗತೊಡಗಿದವು. ವೈದ್ಯೆಯಾಗಿದ್ದ ತಂಗಿ ರೆನಾಟೆ ಜರ್ಮನಿಯಿಂದ ಬಂದು ಅಕ್ಕನ ಆರೈಕೆಗೆ ನಿಂತಳು. ನಾಸ್ಕಾದ ಒಂದು ಹೋಟೆಲಿನವರು ಆಕೆಗೆ ಉಳಿಯಲು ಕೋಣೆ ಕೊಟ್ಟರು. ಸಂಜೆಯ ಹೊತ್ತು ಅಲ್ಲಿ ಬಂದ ಪ್ರವಾಸಿಗರಿಗೆ ಆಕೆ ಗೆರೆಗಳ ವಿಷಯವಾಗಿ ಉಪನ್ಯಾಸ ಮಾಡುತ್ತಿದ್ದಳು. ಕಣ್ಣು ಕಾಣದಿದ್ದರೂ ಪ್ರತಿಯೊಂದು ಗೆರೆಯ ಅಳತೆ ಆಕೆಯ ಮನಸ್ಸಿನಲ್ಲಿತ್ತು.

ಹಿಂದೆ ಹುಚ್ಚಿ ಎಂದ ಜನರೇ ಈಗ ಆಕೆಯನ್ನು ತಮ್ಮವಳೆಂದು ಹೆಮ್ಮೆಪಟ್ಟರು. ಪೆರು ಸರಕಾರ ಆಕೆಗೆ ಪೌರತ್ವವನ್ನೂ ಸೂರ್ಯನ ಹೆಸರಿನ ಉನ್ನತ ಪ್ರಶಸ್ತಿಯನ್ನೂ ನೀಡಿ ಗೌರವಿಸಿತು. 1998ರ ಜೂನ್ 8ರಂದು, ತೊಂಬತ್ತೈದನೆಯ ವಯಸ್ಸಿನಲ್ಲಿ, ಮರಿಯಾ ರೈಖೆ ಲಿಮಾದಲ್ಲಿ ಕೊನೆಯುಸಿರೆಳೆದಳು. ಮರುಭೂಮಿಯ ಅಂಚಿನಲ್ಲಿ ಆಕೆ ಬಾಳಿದ ಆ ಚಿಕ್ಕ ಮನೆಯ ಆವರಣದಲ್ಲೇ ಆಕೆಯನ್ನು ಸಮಾಧಿ ಮಾಡಲಾಯಿತು. ಈಗ ಅದು ವಸ್ತುಸಂಗ್ರಹಾಲಯ. ನಾಸ್ಕಾದ ವಿಮಾನ ನಿಲ್ದಾಣಕ್ಕೆ ಆಕೆಯ ಹೆಸರನ್ನೇ ಇಟ್ಟಿದ್ದಾರೆ. ನಾಸ್ಕಾದಲ್ಲಿ ನಿಜವಾದ ವಿಮಾನ ನಿಲ್ದಾಣವೆಂದರೆ ಅದೊಂದೇ.

ವಿದ್ಯಾರ್ಥಿಮಿತ್ರರೇ, ಆಕಾಶದಲ್ಲಿ ಎಲ್ಲಿಯಾದರೂ ಬೇರೆ ಜೀವಿಗಳಿರಬಹುದೇ ಎಂಬ ಪ್ರಶ್ನೆ ಒಳ್ಳೆಯ ಪ್ರಶ್ನೆ. ವಿಜ್ಞಾನಿಗಳು ಅದಕ್ಕೆ ಉತ್ತರ ಹುಡುಕುತ್ತಲೇ ಇದ್ದಾರೆ. ಅವರು ಪ್ರಾಚೀನ ಕಾಲದಲ್ಲಿ ಇಲ್ಲಿಗೆ ಬಂದಿದ್ದರೆಂಬುದಕ್ಕೆ ಮಾತ್ರ ಈವರೆಗೆ ಸಾಕ್ಷಿ ಸಿಕ್ಕಿಲ್ಲ. ವಿಸ್ಮಯಕರವಾದುದೇನನ್ನಾದರೂ ಕಂಡಾಗ ಬೆರಗಾಗೋಣ, ಅದು ತಪ್ಪಲ್ಲ. ಆದರೆ ಬೆರಗಿನಲ್ಲೇ ನಿಂತುಬಿಡದೆ, ಮರಿಯಾ ರೈಖೆಯಂತೆ ಪೊರಕೆಯನ್ನೂ ಅಳತೆ ಪಟ್ಟಿಯನ್ನೂ ಕೈಗೆತ್ತಿಕೊಳ್ಳೋಣ. ನಮ್ಮ ಹಿರಿಯರು ಕೈಯಾರೆ ಮಾಡಿದ್ದನ್ನು ಅವರ ಹೆಸರಿನಲ್ಲೇ ಉಳಿಸೋಣ.